ಗೇಟಕ್ಕನ ಕೈ

ನನ್ನ ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲು ಒಂದಿಲ್ಲ. ಅದನ್ನು ಉದುರಿಸಿದವಳು ಗೇಟಕ್ಕ. ಅವಳ ಕಥೆ ಹೇಳುವ ಹಕ್ಕು ಈ ಬೀದಿಯಲ್ಲಿ ಬೇರೆಯವರಿಗಿಂತ ನನಗೇ ಹೆಚ್ಚು ಎಂದು ನಾನು ವಾದಿಸುವುದು ಈ ಒಂದು ಹಲ್ಲಿನ ಬಲದ ಮೇಲೆ.

ರೈಲು ಹಳಿ ನಮ್ಮ ಬೀದಿಯನ್ನು ಅಡ್ಡ ಹಾಯುವಲ್ಲಿ ಒಂದು ಗೇಟಿತ್ತು. ಗೇಟಿನ ಪಕ್ಕ ಒಂದು ಕಲ್ಲಿನ ಕೋಣೆ, ಎದುರಿಗೆ ರಸ್ತೆಯ ಈಚೆ ನನ್ನ ಪಂಚರ್ ಅಂಗಡಿ. ನಾನು ಆಗಷ್ಟೇ ಅಂಗಡಿ ಇಟ್ಟಿದ್ದೆ, ಮೈಯಲ್ಲಿ ಹುರುಪು ಜಾಸ್ತಿ, ತಲೆಯಲ್ಲಿ ಬುದ್ಧಿ ಕಡಿಮೆ. ಗೇಟು ಬಿದ್ದಿದ್ದಾಗ ಲಾರಿ ಟೈರೊಂದನ್ನು ಉರುಳಿಸಿಕೊಂಡು ಅದರ ಕೆಳಗೆ ತೂರಿದೆ. ಅವಳು ಕೂಗಿದಳಂತೆ, ನನಗೆ ಕೇಳಲಿಲ್ಲ. ಬಾವುಟದ ಕೋಲು ಬೀಸಿ ಬಂದು ಬಾಯಿಗೆ ಬಡಿಯಿತು. ನಾನು ಅಂಗಾತ ಹಿಂದಕ್ಕೆ ಬಿದ್ದೆ, ಟೈರು ಮಾತ್ರ ಮುಂದೆ ಹೋಯಿತು. ಎಕ್ಸ್‌ಪ್ರೆಸ್ ಗಾಡಿ ಬಂದು ಅದನ್ನು ಚಿಂದಿ ಮಾಡಿ ಎಸೆಯಿತು.

ಬಾಯಿ ತುಂಬ ರಕ್ತ, ಅಂಗೈಯಲ್ಲಿ ಹಲ್ಲು. ಅವಳು ನನ್ನ ಮೇಲೆ ಬಗ್ಗಿ ನೋಡಿದಳು.

“ಹಲ್ಲು ಹೋದ್ರೆ ಕಟ್ಟಿಸ್ಕೋಬಹುದು. ತಲೆ ಹೋದ್ರೆ ಯಾವನು ಕಟ್ಟಿಕೊಡ್ತಾನೆ?” ಎಂದು ಹೇಳಿ ಗೇಟು ಎತ್ತಲು ಹೋದಳು.

ನಾನು ಕಟ್ಟಿಸಿಕೊಳ್ಳಲೂ ಇಲ್ಲ, ಅವಳಿಗೆ ಉಪಕಾರ ಎನ್ನಲೂ ಇಲ್ಲ. ಹಲ್ಲು ಮುರಿದವಳಿಗೆ ಉಪಕಾರ ಎನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಗೇಟು ಮೊದಲು ಅವಳ ಗಂಡನ ಕೈಯಲ್ಲಿತ್ತು. ಅವನು ಕೆಮ್ಮಿ ಕೆಮ್ಮಿ ಸತ್ತ ಮೇಲೆ ಕೆಲಸ ಇವಳಿಗೆ ಬಂತು, ಜೊತೆಗೆ ಎರಡು ಬಾವುಟ, ಒಂದು ಸೀಟಿ, ಮೊಣಕಾಲೆತ್ತರದ ಒಬ್ಬಳು ಮಗಳು. ಗಂಡ ಇದ್ದಾಗ ಗೇಟು ದಾಟುವವರು ಅವನನ್ನು ಬೈದು ದಾಟುತ್ತಿದ್ದರು. ಇವಳು ಬಂದ ಮೇಲೆ ಬೈದವರು ದಾಟಲಿಲ್ಲ. ಬಿದ್ದ ಗೇಟಿಗೆ ಲಾರಿ ಗುದ್ದಿದ ಡ್ರೈವರನ್ನು ಕಾಲರ್ ಹಿಡಿದು ಕೆಳಗೆಳೆದು ಅವನ ಮೂಗು ಒಡೆದಳು. ಕುಡಿದು ಹಳಿಯ ಮೇಲೆ ಮಲಗಿದವನನ್ನು ಕಾಲು ಹಿಡಿದು ದರದರ ಎಳೆದು ಚರಂಡಿಗೆ ಹಾಕಿದಳು. ಅವನು ಎದ್ದು ಬೈದಾಗ ಇನ್ನೊಮ್ಮೆ ಹಾಕಿದಳು. ಕೋಪ ಅವಳಿಗೆ ಮೂಗಿನ ತುದಿಯಲ್ಲಿರಲಿಲ್ಲ, ನೇರ ಕೈಯಲ್ಲೇ ಇತ್ತು.

ಮಗಳಿಗೂ ರಿಯಾಯಿತಿ ಇರಲಿಲ್ಲ. ಹುಡುಗಿ ಹಳಿಯ ಹತ್ತಿರ ಕಲ್ಲು ಆರಿಸಲು ಹೋದರೆ ಜಡೆ ಹಿಡಿದು ಎಳೆದು ತಂದು ಬಾಸುಂಡೆ ಬರುವಂತೆ ಬಾರಿಸುತ್ತಿದ್ದಳು. ಬೆಳಿಗ್ಗೆ ತಲೆ ಬಾಚುವಾಗಲೂ ಯುದ್ಧವೇ. ಆ ಕಿರುಚಾಟ ಕೇಳಿಯೇ ನಾನು ಅಂಗಡಿಯ ಬಾಗಿಲು ತೆರೆಯುತ್ತಿದ್ದೆ. ಆ ಹೊಡೆತವೆಲ್ಲ ಹೆದರಿಕೆಯಿಂದ ಹುಟ್ಟಿದ್ದು ಎಂದು ನನಗೆ ಈಗ ಅರ್ಥವಾಗುತ್ತದೆ. ಆದರೆ ಹೊಡೆತ ತಿನ್ನುವ ಬೆನ್ನಿಗೆ ಅದು ಎಲ್ಲಿಂದ ಹುಟ್ಟಿತು ಎನ್ನುವುದರಿಂದ ಏನಾಗಬೇಕು?

“ನನ್ನ ಗೇಟಲ್ಲಿ ಒಬ್ಬರೂ ಸತ್ತಿಲ್ಲ” ಎನ್ನುವುದು ಅವಳ ಒಂದೇ ಜಂಬ. ಒಡವೆ ಇಲ್ಲದ ಹೆಂಗಸು ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದಳು.

ಗೇಟಿಗೆ ಉದ್ದನೆಯ ಕಬ್ಬಿಣದ ಹಿಡಿಯೊಂದಿತ್ತು. ಕೆಳಕ್ಕೆ ಒತ್ತಿದರೆ ಗೇಟು ಬೀಳುತ್ತಿತ್ತು, ಮೇಲಕ್ಕೆ ತಳ್ಳಿದರೆ ಏಳುತ್ತಿತ್ತು. ರೈಲು ಹೋದ ತಕ್ಷಣ ಎರಡೂ ಕಡೆಯಿಂದ ಕೂಗು: “ತೆಗಿಯಕ್ಕಾ! ತೆಗಿ, ತೆಗಿ!” ಆ ಮಾತು ಕಿವಿಗೆ ಬಿತ್ತೆಂದರೆ ಅವಳ ಬಲಗೈ ತಾನಾಗಿ ಮೇಲೇಳುತ್ತಿತ್ತು. ಒಮ್ಮೆ ಅವಳು ಗೋಡೆಗೆ ಒರಗಿ ಟೀ ಕುಡಿಯುತ್ತಿದ್ದಾಗ ನಾನು ಹಿಂದಿನಿಂದ ಬಂದು “ತೆಗಿ!” ಎಂದೆ. ಲೋಟ ಹಿಡಿದ ಕೈ ಹಾಗೇ ಮೇಲಕ್ಕೆ ಹೋಗಿ ಬಿಸಿ ಟೀ ಅವಳ ತಲೆಯ ಮೇಲೆ ಸುರಿಯಿತು. ಎರಡನೆಯ ಹಲ್ಲು ಉಳಿಸಿಕೊಳ್ಳಲು ನಾನು ಆ ದಿನ ಓಡಿದ ಓಟವನ್ನು ಬೀದಿಯ ಮಂದಿ ಇವತ್ತಿಗೂ ನೆನೆದು ನಗುತ್ತಾರೆ.

ಆಮೇಲೆ ಆ ದಾರಿಯ ರೈಲು ನಿಂತಿತು. ಬೇರೆ ಕಡೆ ದೊಡ್ಡ ಮಾರ್ಗ ಹಾಕಿದರು, ನಮ್ಮ ಹಳಿಗೆ ತುಕ್ಕು ಬಂತು. ರೈಲ್ವೆಯವರು ಬಿಟ್ಟುಕೊಟ್ಟ ಮೇಲೆ ಹಳಿಯ ಎರಡೂ ಬದಿಯ ಜಾಗ ಸಾರಿಗೆ ಇಲಾಖೆಯದು. ಅಂದರೆ ಎಲ್ಲರದು, ಅಂದರೆ ಯಾರು ಮೊದಲು ಕಾಲೂರಿದರೋ ಅವರದು. ಒಬ್ಬ ಸೌದೆ ಒಟ್ಟಿದ, ಒಬ್ಬ ಎಮ್ಮೆ ಕಟ್ಟಿದ, ನಾನು ಹಳೇ ಟೈರು ಗುಡ್ಡೆ ಹಾಕಿದೆ. ಕೆಲವು ವರ್ಷಗಳಾದ ಮೇಲೆ ಇಲಾಖೆಗೆ ತನ್ನ ಜಾಗದ ನೆನಪಾಯಿತು. ಆ ಉದ್ದನೆಯ ಪಟ್ಟಿಯ ಮೇಲೆಲ್ಲ ಸೋಲಾರ್ ಪ್ಯಾನೆಲ್ ನಿಲ್ಲಿಸುತ್ತಾರಂತೆ, ಹಳೇ ಸ್ಟೇಷನ್ನಿನಲ್ಲಿ ಬ್ಯಾಟರಿ ಬಸ್ಸಿನ ಡಿಪೋ ಮಾಡುತ್ತಾರಂತೆ, ಇಲ್ಲಿಯ ಬಿಸಿಲಿನಿಂದ ಅಲ್ಲಿಯ ಬಸ್ಸು ಓಡುತ್ತದಂತೆ.

ಬೇಲಿ ಹಾಕಲು ಬಂದ ದಿನ ರಕ್ತ ಹರಿಯಿತು. ಸೌದೆಯವನು ಕೊಡಲಿ ಹಿಡಿದು ನಿಂತ. ಎಮ್ಮೆಯವನ ಮಕ್ಕಳು ಕಲ್ಲು ಬೀಸಿದರು. ಪೊಲೀಸರು ಲಾಠಿ ಬೀಸಿದರು, ನನ್ನ ಬೆನ್ನಿಗೂ ಎರಡು ಬಿದ್ದವು. ಟೈರಿಗೆ ಬೀಳಲಿಲ್ಲ, ಅವಕ್ಕೆ ಬೆಂಕಿ ಬಿತ್ತು. ಕಪ್ಪು ಹೊಗೆಯಲ್ಲಿ ಯಾರು ಯಾರಿಗೆ ಹೊಡೆಯುತ್ತಿದ್ದಾರೆ ಎಂದು ಗೊತ್ತಾಗದೆ ಅಣ್ಣತಮ್ಮಂದಿರೇ ಹೊಡೆದಾಡಿಕೊಂಡರು. ಗೇಟಕ್ಕ ಕೆಂಪು ಬಾವುಟ ಹಿಡಿದು ನಡುವೆ ನುಗ್ಗಿ, ಸೌದೆಯವನ ಮುಂಗೈಗೆ ಕೋಲಿನಿಂದ ಬಾರಿಸಿ ಕೊಡಲಿ ಬೀಳಿಸಿ, ಅದರ ಮೇಲೆ ಕಾಲಿಟ್ಟು ನಿಂತಳು.

“ಹೊಡ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ನನ್ನ ಗೇಟಲ್ಲಿ ಯಾವನೂ ಸಾಯೋ ಹಾಗಿಲ್ಲ!”

ಇಂಥವಳನ್ನು ಹೊರಗಿಡುವುದಕ್ಕಿಂತ ಒಳಗಿಟ್ಟುಕೊಳ್ಳುವುದು ಲೇಸು ಎಂದು ಇಲಾಖೆಗೆ ಅನ್ನಿಸಿರಬೇಕು. ಪ್ಯಾನೆಲ್‌ಗಳ ಕಾವಲು ಮತ್ತು ಅವುಗಳನ್ನು ತೊಳೆಸುವ ಕೆಲಸ ಅವಳಿಗೇ ಸಿಕ್ಕಿತು. ಕಲ್ಲಿನ ಕೋಣೆಯೂ ಉಳಿಯಿತು. ಗೇಟಿನ ಹಿಡಿಯನ್ನು ಕಿತ್ತು, ಅದೇ ಜಾಗದಲ್ಲಿ ಗೋಡೆಗೆ ಒಂದು ದೊಡ್ಡ ಸ್ವಿಚ್ ಕೂರಿಸಿದರು. ಅದಕ್ಕೂ ಒಂದು ಕೆಂಪು ಹಿಡಿ. ಕೆಳಗಿದ್ದರೆ ಕರೆಂಟು ಪ್ಯಾನೆಲ್‌ಗಳ ಕಡೆಯೇ ನಿಲ್ಲುತ್ತದೆ, ಮೇಲೆತ್ತಿದರೆ ಡಿಪೋ ಕಡೆಯ ಕೇಬಲ್ಲಿಗೆ ಹರಿಯುತ್ತದೆ. ಪ್ಯಾನೆಲ್ ತೊಳೆಯುವ ಮೊದಲು ಕೆಳಗೆ, ತೊಳೆದಾದ ಮೇಲೆ ಮೇಲಕ್ಕೆ.

“ಇದೂ ಗೇಟೇ ಬಿಡು. ಗಾಡಿ ಮಾತ್ರ ಕಣ್ಣಿಗೆ ಕಾಣಲ್ಲ” ಎಂದಳು ನನಗೆ.

ಕೇಬಲ್ ಕೆಲಸಕ್ಕೆ ಬಂದ ಎಲೆಕ್ಟ್ರಿಷಿಯನ್ನೇ ಅವಳ ಅಳಿಯನಾದ. ಹುಡುಗಿ ತಾನೇ ಮೆಚ್ಚಿದ್ದು. ಹುಡುಗ ನೋಡಲು ಲಕ್ಷಣ, ಬಾಯಲ್ಲಿ ಬೆಣ್ಣೆ, ನಡೆಯುವಾಗ ಸೊಂಟದ ಪಟ್ಟಿಯಲ್ಲಿ ಇಕ್ಕಳ, ಸ್ಕ್ರೂಡ್ರೈವರ್ ಎಲ್ಲ ಕಿಣಿಕಿಣಿ ಎನ್ನುತ್ತಿದ್ದವು. ಡಿಪೋ ಹತ್ತಿರ ಮನೆ ಮಾಡಿದರು. ಮೊದಲ ಸಲ ಮಗಳು ಕಣ್ಣಿನ ಸುತ್ತ ಕಪ್ಪುಗಟ್ಟಿಸಿಕೊಂಡು ಬಂದಾಗ ಬಾಗಿಲು ಬಡಿಯಿತು ಎಂದಳು. ಎರಡನೆಯ ಸಲವೂ ಬಾಗಿಲೇ. ನಾನು ಅಷ್ಟೊಂದು ಬಡಿಯುವ ಬಾಗಿಲನ್ನು ಎಲ್ಲೂ ನೋಡಿಲ್ಲ.

ಗೇಟಕ್ಕ ಅವನಿಗೆ ಹೊಡೆದಳು. ಅವನು ಅದರ ಬಾಕಿಯನ್ನು ಮನೆಗೆ ಹೋಗಿ ಹೆಂಡತಿಯ ಮೇಲೆ ತೀರಿಸಿದ. ಇವಳು ಮತ್ತೆ ಹೊಡೆದಳು, ಅವನು ಮತ್ತೆ ತೀರಿಸಿದ. ಇಬ್ಬರ ನಡುವೆ ಆ ಹುಡುಗಿಯ ಮೈ ಹಣ್ಣಾಯಿತು.

ಕೊನೆಗೊಂದು ಮಧ್ಯಾಹ್ನ ಮಗಳು ಪಕ್ಕೆ ಹಿಡಿದುಕೊಂಡು ಬಂದಳು, ನೆಟ್ಟಗೆ ಉಸಿರಾಡಲು ಆಗುತ್ತಿರಲಿಲ್ಲ. ಅವಳ ಹಿಂದೆಯೇ ಅಳಿಯನ ಬೈಕು ಬಂತು. ಗೇಟಕ್ಕ ನನ್ನ ಅಂಗಡಿಯಿಂದ ಟೈರು ಬಿಚ್ಚುವ ಕಬ್ಬಿಣ ಎತ್ತಿಕೊಂಡು ಅವನನ್ನು ಬೈಕಿನಿಂದ ಕೆಡವಿದಳು. ಭುಜಕ್ಕೆ, ತೊಡೆಗೆ, ಬೆನ್ನಿಗೆ ಬಾರಿಸಿದಳು. ಅವನು ಮಣ್ಣಿನಲ್ಲಿ ಹೊರಳಾಡುತ್ತ ಬೊಬ್ಬೆ ಹಾಕಿದ. ಇಡೀ ಬೀದಿ ನಿಂತು ನೋಡಿತು, ನಾನೂ ನೋಡಿದೆ. ನನಗೆ ಹಿತವಾಯಿತು, ಸುಳ್ಳೇಕೆ ಹೇಳಲಿ.

“ಇನ್ನೊಂದ್ಸಲ ಅವಳ ಮೈ ಮುಟ್ಟಿದ್ರೆ ನಿನ್ನ ಕೈ ತೆಗೀತೀನಿ, ನೆನಪಿಟ್ಕೋ!” ಎಂದು ಅವಳು ಕೂಗಿದ್ದನ್ನು ಬೀದಿಯ ಕೊನೆಯ ಮನೆಯವರೂ ಕೇಳಿಸಿಕೊಂಡರು.

ಮಗಳು ಮಾತ್ರ ತಾಯಿಯ ಕೈಯಿಂದ ಕಬ್ಬಿಣ ಕಿತ್ತು ಎಸೆದಳು.

“ಸಾಕು ಮಾಡಮ್ಮ! ನೀನೂ ಹೊಡೀತಿದ್ದೆ, ಅವರೂ ಹೊಡೀತಾರೆ. ನಂಗೇನು ಹೊಡೆತ ಹೊಸದಾ? ಅವರು ಹೊಡೆದ ಮೇಲೆ ಅಳ್ತಾರೆ. ನೀನು ಅದನ್ನೂ ಮಾಡ್ಲಿಲ್ಲ.”

ಹೇಳಿ, ಬಿದ್ದವನನ್ನು ಎಬ್ಬಿಸಿ, ಅವನ ಬೈಕಿನ ಹಿಂದೆ ಕೂತು ಹೋದಳು. ಗೇಟಕ್ಕ ರಸ್ತೆಯ ನಡುವೆ ನಿಂತೇ ಇದ್ದಳು. ಮೂಗು ಒಡೆದ ಡ್ರೈವರುಗಳು ಅವಳಿಗೆ ಎಷ್ಟೋ ಬೈಗುಳ ಬೈದಿದ್ದರು, ಅವು ಯಾವುವೂ ತಾಗಿರಲಿಲ್ಲ. ಇದು ತಾಗಿತು.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಕೆಂಪು ಹಿಡಿ ಕೆಳಗಿಳಿಸಿ, ತೊಳೆಯುವ ಹೆಂಗಸರಿಬ್ಬರಿಗೆ ಪೈಪು ಹಿಡಿಸಿ ಪ್ಯಾನೆಲ್ ಸಾಲಿಗೆ ಕಳಿಸಿದಳು. ಅಳಿಯ ಬೇಲಿಯ ಆ ತುದಿಯಿಂದ ಬಂದ. ಅಲ್ಲೊಂದು ಕೇಬಲ್ ಪೆಟ್ಟಿಗೆ ಕೆಟ್ಟಿತ್ತು. ಬೇರೆ ದಿನವಾಗಿದ್ದರೆ ಕೋಣೆಗೆ ಬಂದು, ಹಿಡಿಯನ್ನು ಕಣ್ಣಾರೆ ನೋಡಿ, “ಅತ್ತೆ, ಕೆಲ್ಸ ಮುಗಿಯೋ ತನಕ ಇದನ್ನ ಮುಟ್ಬೇಡಿ” ಎಂದು ಹೇಳಿ ಹೋಗುತ್ತಿದ್ದ. ಆವತ್ತು ಮೈಯೆಲ್ಲ ಊದಿತ್ತು, ಮುಖ ನೋಡುವ ಮನಸ್ಸಿರಲಿಲ್ಲ. ಹಿಡಿ ಆಗಲೇ ಕೆಳಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ದೂರದಿಂದಲೇ, ಅತ್ತೆ ಎಂದೂ ಅನ್ನದೆ, ಒಂದೇ ಮಾತು ಕೂಗಿದ:

“ತೆಗಿ!”

ಅವರ ಕಸುಬಿನಲ್ಲಿ ತೆಗಿ ಅಂದರೆ ಕರೆಂಟು ತೆಗಿ, ಫ್ಯೂಸು ತೆಗಿ, ಆಫ್ ಮಾಡು ಎಂದು. ಇವಳ ಕಸುಬಿನಲ್ಲಿ ತೆಗಿ ಅಂದರೆ ಬಿಡು, ಗಾಡಿ ಹೋಗಲಿ ಎಂದು. ಕೆಂಪು ಹಿಡಿಯ ಪಕ್ಕದಲ್ಲೇ ಇದ್ದ ಬಲಗೈ ತಾನಾಗಿ ಅದನ್ನು ಹಿಡಿದು ಮೇಲೆತ್ತಿತು.

ಜೀವಮಾನವಿಡೀ ಅವಳು ಯಾರ ಮಾತನ್ನೂ ಕೇಳದೆ ಹೊಡೆದಳು, ಒಬ್ಬರಿಗೂ ಪ್ರಾಣಾಪಾಯವಾಗಲಿಲ್ಲ. ಒಂದೇ ಒಂದು ಸಲ ಹೇಳಿದ ಮಾತು ಕೇಳಿದಳು.

ಟೈರು ಸಿಡಿದಂಥ ಸದ್ದು ಬಂತು. ಪೆಟ್ಟಿಗೆಯ ಬಾಯಲ್ಲಿ ನೀಲಿ ಬೆಂಕಿ ಎದ್ದಿತು. ಅಳಿಯನ ಬಲಗೈ ಅದರೊಳಗೇ ಅಂಟಿಕೊಂಡಿತ್ತು, ಮೈ ಗಡಗಡ ನಡುಗುತ್ತಿತ್ತು. ತೊಳೆಯುವ ಹೆಂಗಸರು ಕಿಟಾರನೆ ಕಿರುಚಿದರು. ಗೇಟಕ್ಕ ಹಿಡಿಯನ್ನು ಕೆಳಕ್ಕೆ ಒದ್ದು ಓಡಿದಳು. ನಾನು ಬೇಲಿ ಹಾರಿ ಓಡಿದೆ, ನನ್ನ ಹಿಂದೆ ಬೀದಿಯೇ ಓಡಿಬಂತು.

ಅವನು ಬಿದ್ದಿದ್ದ. ಸುಟ್ಟ ವಾಸನೆ. ಉಸಿರಿಲ್ಲ. ಗೇಟಕ್ಕ ಅವನ ಎದೆಯ ಪಕ್ಕ ಮಂಡಿಯೂರಿ, ಎರಡೂ ಕೈ ಜೋಡಿಸಿ ಎದೆಯ ಮೇಲೆ ಧಡ್ ಧಡ್ ಎಂದು ಜಜ್ಜತೊಡಗಿದಳು. ನಿಂತ ಉಸಿರನ್ನು ಹೀಗೆ ಎದೆ ಒತ್ತಿ ಮರಳಿಸುವುದನ್ನು ರೈಲ್ವೆಯವರು ಅವಳಿಗೆ ಹಿಂದೆ ಯಾವಾಗಲೋ ಕಲಿಸಿದ್ದರಂತೆ. ನಮಗೇನು ಗೊತ್ತು? ಸಾಯುತ್ತಿರುವವನನ್ನೂ ಬಿಡದೆ ಬಡಿಯುತ್ತಿದ್ದಾಳೆ ಎಂದೇ ನಾವೆಲ್ಲ ತಿಳಿದೆವು. ದಿನಸಿ ಅಂಗಡಿಯವನು ಅವಳ ಕೂದಲು ಹಿಡಿದು ಹಿಂದಕ್ಕೆ ಎಳೆದ. ಅವಳು ಅವನ ಮುಂಗೈ ಕಚ್ಚಿ ರಕ್ತ ಬರಿಸಿದಳು. ನಾನು ಸೊಂಟ ಹಿಡಿದೆ, ಮೊಣಕೈಯಿಂದ ನನ್ನ ಹೊಟ್ಟೆಗೆ ಗುದ್ದಿದಳು.

“ಬಿಡ್ರೋ ನನ್ನ! ಬದುಕೋ ನಾಯಿ! ನನ್ನ ಗೇಟಲ್ಲಿ ಸಾಯ್ತೀಯಾ? ಸಾಯೋ ಹಾಗಿಲ್ಲ! ಎದ್ದೇಳೋ ಹಾಳಾದವನೇ!”

ಅವಳ ಕೈಕೆಳಗೆ ಏನೋ ಲಟಕ್ಕೆಂದಿತು. ಅವನ ಪಕ್ಕೆಲುಬು. ಅದಾದ ಮೇಲೆ ಒಂದೆರಡು ಗುದ್ದು ಬಿತ್ತು, ಅಷ್ಟರಲ್ಲಿ ಅವನು ಗೊರ್ ಎಂದು ಉಸಿರೆಳೆದುಕೊಂಡ. ಗೇಟಕ್ಕ ಪಕ್ಕಕ್ಕೆ ಬಿದ್ದು ವಾಂತಿ ಮಾಡಿಕೊಂಡಳು.

ಜೀವ ಉಳಿಯಿತು, ಕೈ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಬಲಗೈಯನ್ನು ಮಣಿಕಟ್ಟಿನ ಮೇಲಿನಿಂದ ತೆಗೆದರು. ಬೀದಿಗೆ ಅಷ್ಟು ಸಾಕಾಯಿತು. ಕೈ ತೆಗೀತೀನಿ ಅಂದಿದ್ದಳು, ತೆಗೆದಳು. ಯಾವ ಕೈ ಹೊಡೆಯುತ್ತಿತ್ತೋ ಅದೇ ಕೈ! ದಿನಸಿಯವನು ತನ್ನ ಮುಂಗೈಯ ಬ್ಯಾಂಡೇಜನ್ನೂ ಮರೆತು ಅವಳ ಮುಂದೆ ಕೈಮುಗಿದ.

“ಅಕ್ಕಾ, ಆಡಿದ್ದನ್ನ ಮಾಡಿ ತೋರಿಸಿದ್ರಿ. ಹೆಂಗಸು ಅಂದ್ರೆ ಹೀಗಿರ್ಬೇಕು.”

ಗೇಟಕ್ಕ ಅವನ ಕೆನ್ನೆಗೆ ಬಾರಿಸಿದ್ದು ನನ್ನ ಅಂಗಡಿಯೊಳಕ್ಕೂ ಕೇಳಿಸಿತು.

“ತಪ್ಪಾಯ್ತು ಕಣೋ, ಬೇಕಂತ ಮಾಡಿದ್ದಲ್ಲ! ಒಬ್ಬನ ಕೈ ಸುಟ್ಟುಹೋದ್ರೆ ಹೊಗಳ್ತೀಯಾ?”

ಯಾರೂ ನಂಬಲಿಲ್ಲ. ನಂಬದೇ ಹೋದರೆ ಹೋಗಲಿ, ಆದರೆ ಮಗಳೂ ನಂಬಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಅಡ್ಡ ನಿಂತು, “ತೃಪ್ತಿ ಆಯ್ತಾ? ಹೋಗು ಇಲ್ಲಿಂದ” ಎಂದಳಂತೆ. ಅಳಿಯ ಪೊಲೀಸರಿಗೆ, ಅತ್ತೆ ನನ್ನನ್ನು ಕೊಲ್ಲಲೆಂದೇ ಹಿಡಿ ಎತ್ತಿದಳು ಎಂದು ಹೇಳಿಕೆ ಕೊಟ್ಟ. ಗೇಟಕ್ಕ ಕೋಣೆಯ ಮೆಟ್ಟಿಲ ಮೇಲೆ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು. ಅನ್ನ ಬಿಟ್ಟಳು. ಜೈಲಿನ ಚಿಂತೆಯೇ ಎಂದು ಕೇಳಿದೆ.

“ಜೈಲಾದ್ರೆ ಆಗ್ಲಿ. ಮಗಳು ನನ್ನನ್ನ ಕೊಲೆಗಾರ್ತಿ ಅಂದ್ಕೊಂಡು ಅವನ ಹತ್ರಾನೇ ಉಳಿದ್ರೆ, ಒಂದಿನ ಅವನ ಕೈಲಿ ಸಾಯ್ತಾಳೆ. ಅದಕ್ಕೆ ಏನ್ ಮಾಡ್ಲಿ, ಪಂಚರ್?”

ನಾನು ಅಂಗಡಿಗೆ ಬಂದು ಟ್ಯೂಬಿಗೆ ತೇಪೆ ಹಾಕತೊಡಗಿದೆ. ಹಳೇ ಟೀ ಲೋಟವೊಂದು ಮಾತ್ರ ತಲೆಯಲ್ಲಿ ಉರುಳುತ್ತಿತ್ತು.

ವಿಚಾರಣೆಗೆ ಇಲಾಖೆಯ ಇಂಜಿನಿಯರ್ ಬಂದರು, ಜೊತೆಗೆ ಪೊಲೀಸರು. ಅಳಿಯ ತೋಳಿಗೆ ಬಟ್ಟೆ ಸುತ್ತಿಕೊಂಡು ಬಂದ, ಮಗಳು ಅವನ ಹಿಂದೆ ತಲೆ ತಗ್ಗಿಸಿ ನಿಂತಳು. ಇಂಜಿನಿಯರ್ ಒಳ್ಳೆಯ ಮನುಷ್ಯ, ಆದರೆ ಗೊಂದಲದಲ್ಲಿದ್ದರು.

“ಅವರು ತೆಗಿ ಅಂದಿದ್ದಕ್ಕೆ ನೀವ್ಯಾಕಮ್ಮ ಮೇಲೆತ್ತಿದ್ರಿ?”

“ತೆಗಿ ಅಂದ್ರೆ ಮೇಲೆತ್ತೋದೇ ಅಲ್ವಾ ಸಾರ್?”

“ನೋಡಿ ಸಾರ್, ನಾಟಕ!” ಎಂದ ಅಳಿಯ. ಬೀದಿಯವರು ಮುಸಿಮುಸಿ ನಕ್ಕರು. ಅವರಿಗೂ ಅದು ನಾಟಕವೇ, ಆದರೆ ಮೆಚ್ಚಿ ನೋಡುವ ನಾಟಕ.

ಗೇಟಕ್ಕ ತಲೆ ಬಗ್ಗಿಸಿ ಮುಖ ಒರೆಸಿಕೊಳ್ಳುತ್ತಿದ್ದಳು, ಸೆರಗು ಬಲಗೈಯಲ್ಲಿತ್ತು. ನಾನು ಸದ್ದಿಲ್ಲದೆ ಗುಂಪಿನಿಂದ ಹಿಂದೆ ಸರಿದು ರಸ್ತೆಗೆ ಹೋದೆ. ಅಲ್ಲಿ ಗಾಳಿ ತುಂಬಿಸಿಕೊಳ್ಳಲು ಒಂದು ಲಾರಿ ನಿಂತಿತ್ತು. ಕಿಟಕಿಯೊಳಗೆ ಕೈ ಹಾಕಿ ಹಾರ್ನ್ ಒತ್ತಿ, ಗಂಟಲು ಹರಿಯುವ ಹಾಗೆ ಕೂಗಿದೆ:

“ತೆಗಿಯಕ್ಕಾ! ತೆಗಿ!”

ಬಲಗೈ ಸೆರಗಿನ ಸಮೇತ ಮೇಲಕ್ಕೆ ಹೋಯಿತು. ತಲೆಯ ಮೇಲೆ, ನೆಟ್ಟಗೆ, ಇಲ್ಲದ ಗೇಟನ್ನು ಎತ್ತಿ ಹಿಡಿದುಕೊಂಡು ನಿಂತಿತು. ಅವಳು ಆ ಕೈಯನ್ನು ಬೇರೆ ಯಾರದೋ ಎನ್ನುವ ಹಾಗೆ ನೋಡಿದಳು. ಆಮೇಲೆ ಅತ್ತಳು. ಅವಳು ಅತ್ತದ್ದನ್ನು ನಾವು ನೋಡಿದ್ದು ಅದೇ ಮೊದಲು. ಗಂಡ ಸತ್ತಾಗಲೂ ಅತ್ತಿರಲಿಲ್ಲ.

ಯಾರೂ ನಗಲಿಲ್ಲ. ಮಗಳು ಮುಂದೆ ಬಂದಳು.

“ಹೌದು ಸಾರ್. ನಾನು ಚಿಕ್ಕವಳಿದ್ದಾಗಿಂದ ನೋಡಿದೀನಿ. ನಿದ್ದೇಲಿ ತೆಗಿ ಅಂದ್ರೂ ಅಮ್ಮನ ಕೈ ಹಾಗೇ ಹೋಗುತ್ತೆ. ಅಮ್ಮ ಬೇಕಂತ ಮಾಡಿಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಒಂದು ಮಾತಿಗೆ ಒಂದು ಕೈಯೇ ಹೋಗಿತ್ತು. ಆಡುವ ಮಾತನ್ನು ಮೊದಲೇ ಗೊತ್ತುಮಾಡದಿದ್ದುದು ನಮ್ಮದೇ ತಪ್ಪು ಎಂದು ಇಂಜಿನಿಯರ್ ಒಪ್ಪಿಕೊಂಡರು. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದರು: ಇಲ್ಲಿ ‘ತೆಗಿ’ ಎನ್ನಬಾರದು. ನಿಲ್ಲಿಸಲು ‘ಕಡಿ’, ಬಿಡಲು ‘ಕೊಡು’. ಸ್ವಿಚ್ಚಿಗೆ ಬೀಗವನ್ನೂ ಹಾಕಿಸಿದರು, ಕೇಬಲ್ ಮುಟ್ಟುವವನ ಜೇಬಿನಲ್ಲೇ ಕೀಲಿ ಇರಬೇಕೆಂದು.

ಅಳಿಯನಿಗೆ ಪರಿಹಾರ ಸಿಕ್ಕಿತು, ಕೂತು ಮಾಡುವ ಕೆಲಸವೂ ಸಿಕ್ಕಿತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಇವನ ವಿಷಯದಲ್ಲಂತೂ ನಿಜವಾಗಿಯೇ ಸುಟ್ಟಿತ್ತು, ಹೋಗಲಿಲ್ಲ. ತಾಯಿಯ ಪರ ಮಾತಾಡಿದ್ದಕ್ಕೆ ವಿಚಾರಣೆಯ ದಿನ ಸಂಜೆಯೇ ಎಡಗೈಯಲ್ಲಿ ಪಾತ್ರೆ ಹಿಡಿದು ಹೆಂಡತಿಯ ತಲೆಗೆ ಬಾರಿಸಿದ. ಎಡಗೈಗೆ ಅಭ್ಯಾಸವಿರಲಿಲ್ಲ, ಗುರಿ ತಪ್ಪಿ ಕಿವಿ ಹರಿಯಿತು.

ಅವಳು ಕಿವಿಗೆ ಬಟ್ಟೆ ಒತ್ತಿಕೊಂಡು ಬಂದಾಗ ಗೇಟಕ್ಕ ಆಗಲೇ ಕೋಲು ಹಿಡಿದು ಹೊರಟಿದ್ದಳು. ಮಗಳು ಹೊಸ್ತಿಲಲ್ಲೇ ತಡೆದಳು.

“ಅಮ್ಮ, ನಾನು ಇಲ್ಲೇ ಇರ್ತೀನಿ. ಆದ್ರೆ ನೀನು ಇನ್ಮೇಲೆ ಕೈ ಎತ್ತಬಾರದು. ಯಾರ ಮೇಲೂ. ಅವರ ಮೇಲೂ. ಎತ್ತಿದ್ರೆ ಆ ಗಳಿಗೇಲೇ ನಾನು ಹೊರಡ್ತೀನಿ, ಎಲ್ಲಿಗಾದ್ರೂ.”

“ಅವನು ಬಂದು ನಿನ್ನ ಎಳ್ಕೊಂಡ್ ಹೋದ್ರೆ?”

“ಆಗ್ಲೂ ಅಷ್ಟೇ. ನಂಗೆ ಹೊಡೆಯೋ ಕೈಗಳು ಸಾಕಾಗಿವೆ.”

ಗೇಟಕ್ಕ ಕೋಲನ್ನು ನನ್ನ ಕೈಗೆ ಕೊಟ್ಟಳು. ನನ್ನ ಹಲ್ಲು ಮುರಿದ ಕೋಲು. ಅದು ಈಗಲೂ ನನ್ನ ಅಂಗಡಿಯ ಮೂಲೆಯಲ್ಲಿದೆ.

ಅವನು ಬಂದೇ ಬಂದ. ಬಿಸಿಲು ನೆತ್ತಿಗೇರಿತ್ತು, ಹೆಂಗಸರು ತೊಳೆದು ಮುಗಿಸಿ ಪೈಪು ಸುತ್ತುತ್ತಿದ್ದರು. ಎಡಗೈಯಲ್ಲಿ ಕಬ್ಬಿಣದ ಸಲಾಕೆ. ಬೇಲಿಯ ಬಾಗಿಲಿಗೆ ಒಳಗಿನಿಂದ ಬೀಗವಿತ್ತು. ಅವನು ಬಾಗಿಲಿಗೆ ಸಲಾಕೆ ಕುಟ್ಟಿ ಕೂಗಿದ.

“ತೆಗಿ! ನನ್ನ ಹೆಂಡ್ತೀನ ಕಳ್ಸು! ತೆಗಿ!”

ಗೇಟಕ್ಕನ ಬಲಗೈ ಎದ್ದಿತು. ಎಡಗೈಯಿಂದ ಅದನ್ನು ಹಿಡಿದು ಕೆಳಗಿಳಿಸಿಕೊಂಡಳು.

“ಆ ಮಾತು ಇಲ್ಲಿ ನಡೆಯಲ್ಲ, ಅಳಿಯಂದ್ರೇ. ಗೋಡೆ ಮೇಲೆ ಬರೆದಿದೆ, ಓದ್ಕೊಳ್ಳಿ.”

ಅವನು ಸಲಾಕೆಯನ್ನು ಒಳಗೆ ಎಸೆದು, ಒಂದೇ ಕೈಯಲ್ಲಿ ಬೇಲಿ ಹತ್ತಿ ಹಾರಿದ. ಮೊದಲು ಕೈಗೆ ಸಿಕ್ಕ ಪ್ಯಾನೆಲ್‌ಗಳ ಮೇಲೆ ಸಲಾಕೆ ಬೀಸಿದ. ಗಾಜು ಕರಕರ ಎಂದು ಬಲೆಯಂತೆ ಬಿರಿಯಿತು. ಒಂದು, ಇನ್ನೊಂದು, ಮತ್ತೊಂದು. ಹೆಂಗಸರು ಓಡಿದರು. ಮಗಳು ಕೋಣೆಯ ಬಾಗಿಲಲ್ಲಿ ನಿಂತಿದ್ದಳು, ಅವಳ ಮುಂದೆ ಗೇಟಕ್ಕ. ನಾನು ಬೇಲಿಯ ತಂತಿಯಲ್ಲಿ ಪ್ಯಾಂಟು ಸಿಕ್ಕಿಸಿಕೊಂಡು ಒದ್ದಾಡುತ್ತಿದ್ದೆ, ನನ್ನ ಶೌರ್ಯ ಯಾವಾಗಲೂ ಅಷ್ಟರಲ್ಲೇ ಇತ್ತು.

“ಪಕ್ಕಕ್ಕೆ ಹೋಗು ಮುದುಕಿ!”

ಅವಳು ಹೋಗಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಲಾರಿ ಡ್ರೈವರುಗಳನ್ನು ಎತ್ತಿ ಒಗೆದವಳು, ಒಂದೇ ಕೈಯ ಇವನನ್ನು ಎರಡು ಏಟಿಗೆ ಮಲಗಿಸಬಹುದಿತ್ತು. ಅವನಿಗೂ ಅದು ಗೊತ್ತಿತ್ತು, ಹಾಗಾಗಿ ಒಂದು ಗಳಿಗೆ ತಡೆದು ನಿಂತ. ಅವಳ ಕೈ ಏಳಲಿಲ್ಲ. ಅವನು ಬೀಸಿದ. ಮೊದಲ ಏಟು ತೋಳಿಗೆ, ಎರಡನೆಯದು ಬಲಭುಜಕ್ಕೆ. ಭುಜದ ಮೂಳೆ ಮುರಿದ ಸದ್ದು ಬೇಲಿಯ ಮೇಲಿದ್ದ ನನಗೂ ಕೇಳಿಸಿತು. ಅವಳು ಮಂಡಿಯೂರಿದಳು, ಆದರೆ ಬಾಗಿಲು ಬಿಟ್ಟು ಸರಿಯಲಿಲ್ಲ.

“ಅಮ್ಮಾ, ಕೈ ಅಡ್ಡ ಹಿಡಿಯೇ!” ಎಂದು ಮಗಳು ಚೀರಿದಳು.

“ಎತ್ತಲ್ಲ ಅಂದಿದ್ದೀನಿ” ಎಂದಳು ಗೇಟಕ್ಕ ಹಲ್ಲು ಕಚ್ಚಿಕೊಂಡು.

ಮೂರನೆಯದಕ್ಕೆ ಸಲಾಕೆ ಎತ್ತುವಷ್ಟರಲ್ಲಿ ತೊಳೆಯುವ ಹೆಂಗಸರು ಅವನ ಮುಖಕ್ಕೆ ಪೈಪಿನ ನೀರು ಬಿಟ್ಟರು. ನಾನು ಪ್ಯಾಂಟನ್ನು ಬೇಲಿಗೇ ಬಿಟ್ಟು ಅವನ ಕಾಲಿಗೆ ಬಿದ್ದೆ, ಶರಣಾಗಲು ಅಲ್ಲ, ಕೆಡವಲು. ಮಗಳು ಸಲಾಕೆ ಕಿತ್ತು ಬೇಲಿಯಾಚೆ ಎಸೆದಳು. ಪೊಲೀಸರು ಬರುವವರೆಗೆ ಅವನನ್ನು ಸೈಕಲ್ ಟ್ಯೂಬಿನಿಂದ ಕಟ್ಟಿಹಾಕಿದೆ. ಒಂದೇ ಕೈ ಇರುವವನನ್ನು ಕಟ್ಟುವುದು ಕಷ್ಟ, ಅದನ್ನು ಯಾವುದಕ್ಕೆ ಸೇರಿಸಿ ಕಟ್ಟುವುದು? ಕೊನೆಗೆ ಅವನ ಕಾಲಿಗೇ ಸೇರಿಸಿದೆ. ಅವನು ಈಗ ಒಳಗಿದ್ದಾನೆ.

ಗೇಟಕ್ಕನ ಭುಜ ಸರಿಯಾಗಿ ಕೂಡಲಿಲ್ಲ. ಬಲಗೈ ಎದೆಯ ಮಟ್ಟದವರೆಗೆ ಬರುತ್ತದೆ, ಅಲ್ಲಿಂದ ಮೇಲೆ ಹೋಗುವುದಿಲ್ಲ. ನಾನು ಒಮ್ಮೆ ಪರೀಕ್ಷೆಗೆಂದು ಮೆಲ್ಲನೆ “ತೆಗಿ” ಎಂದೆ. ಭುಜ ಸ್ವಲ್ಪ ಕದಲಿತು, ಅಷ್ಟೇ. ಎಡಗೈಯಲ್ಲಿ ನನ್ನ ಕಡೆ ಒಂದು ಕಲ್ಲು ಎಸೆಯಲು ಹೋಗಿ, ಮಗಳು ನೋಡುತ್ತಿದ್ದಾಳೆಂದು ಕೆಳಗಿಟ್ಟಳು.

ಕೆಂಪು ಹಿಡಿ ಈಗ ಮಗಳ ಕೈಯಲ್ಲಿದೆ. ಬೆಳಿಗ್ಗೆ ತಾಯಿ ಮೆಟ್ಟಿಲ ಮೇಲೆ ಕೂತು “ಕಡಿ” ಎನ್ನುತ್ತಾಳೆ, ತೊಳೆದಾದ ಮೇಲೆ “ಕೊಡು” ಎನ್ನುತ್ತಾಳೆ. ಒಡೆದ ಪ್ಯಾನೆಲ್‌ಗಳ ಜಾಗಕ್ಕೆ ಹೊಸವು ಬಂದಿವೆ. ಬ್ಯಾಟರಿ ಬಸ್ಸುಗಳು ಸದ್ದಿಲ್ಲದೆ ಬೀದಿಯಲ್ಲಿ ಹಾದು ಹೋಗುತ್ತವೆ, ನನ್ನ ಹತ್ತಿರ ಗಾಳಿಗೂ ನಿಲ್ಲುವುದಿಲ್ಲ ಎನ್ನುವುದು ನನ್ನ ದೂರು. ನನ್ನ ಗೇಟಲ್ಲಿ ಒಬ್ಬರೂ ಸತ್ತಿಲ್ಲ ಎಂದು ಅವಳು ಈಗ ಹೇಳಿಕೊಳ್ಳುವುದಿಲ್ಲ. ಬೀದಿಯವರು ಹೇಳುತ್ತಾರೆ.

ಕೈ ಮೇಲೆ ಹೋಗದ್ದರಿಂದ ತಲೆ ಬಾಚಿಕೊಳ್ಳಲು ಅವಳಿಗೆ ಆಗುವುದಿಲ್ಲ. ಮಗಳೇ ಬಾಚುತ್ತಾಳೆ. ಇವತ್ತು ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆರೆಯುವಾಗ ಇಬ್ಬರೂ ಮೆಟ್ಟಿಲ ಮೇಲಿದ್ದರು. ಬಾಚಣಿಗೆ ಸಿಕ್ಕಿನಲ್ಲಿ ಸಿಕ್ಕಿಕೊಂಡಿತು.

“ಹ್ಹಾ! ಮೆಲ್ಲಗೆ ಕಣೇ, ನೋವಾಗುತ್ತೆ!”

“ನೀನು ನಂಗೆ ಯಾವತ್ತಾದ್ರೂ ಮೆಲ್ಲಗೆ ಬಾಚಿದ್ಯಾ?”

ಗೇಟಕ್ಕ ಬಲಗೈಯನ್ನು ಮಡಿಲಿಗೆ ಇಳಿಸಿಕೊಂಡಳು.

“ಇಲ್ಲ” ಎಂದಳು.

ಮಗಳು ಬಾಚಣಿಗೆಯನ್ನು ಪಕ್ಕಕ್ಕಿಟ್ಟು, ಬೆರಳಿನಿಂದ ಆ ಸಿಕ್ಕನ್ನು ಒಂದೊಂದೇ ಎಳೆಯಾಗಿ ಬಿಡಿಸತೊಡಗಿದಳು.